ಹಗೇವಿನ ಬಂಗಾರ, ಪೇಟೆಯ ಧಾರಣೆ

ಧಾರಾವಿಯ ತೊಂಬತ್ತು ಅಡಿ ರಸ್ತೆಯಲ್ಲಿ ಸಂಜೆಯ ವೇಳೆ ನಡೆದುಹೋದವರಿಗೆ ಅಲ್ಲಿಯ ಬಂಗಾರದ ಅಂಗಡಿಗಳ ದೀಪಗಳನ್ನು ಕಂಡು ಅಚ್ಚರಿಯಾಗದಿರದು. ಹತ್ತಡಿ ಅಗಲದ ಖೋಲಿಯಲ್ಲಿ ಏಳೆಂಟು ಜನ ಬಾಳುವ ಈ ನೆಲದಲ್ಲಿ ಚಿನಿವಾರನ ಅಂಗಡಿಗೇನು ಕೆಲಸವೆಂದು ಹೊರಗಿನವರು ಕೇಳುತ್ತಾರೆ. ಒಳಗಿನವರು ಹಾಗೆ ಕೇಳುವುದಿಲ್ಲ. ಮಳೆಗೆ ನೆನೆಯದ, ಇಲಿ ಕಡಿಯದ, ಊರಿಗೆ ಹೊರಟಾಗ ಮೈಮೇಲೆಯೇ ಬರುವ ಉಳಿತಾಯ ಅವರಿಗೆ ಇದೊಂದೇ. ಕಲಬುರ್ಗಿ, ರಾಯಚೂರು, ವಿಜಾಪುರದ ಕಡೆಯಿಂದ ಬಂದ ನಮ್ಮವರ ಮನೆಗಳಲ್ಲಿ ಒಂದು ಬೋರಮಾಳವೋ ಒಂದು ಜೊತೆ ಬೆಂಡೋಲೆಯೋ ಇದ್ದರೆ ಅದೇ ಬ್ಯಾಂಕು, ಅದೇ ವಿಮೆ, ಆಸ್ಪತ್ರೆಯ ಖರ್ಚು ಬಂದ ದಿನ ಅದೇ ಗಿರವಿಯ ವಸ್ತು.

ಇಂಥ ಒಂದು ಮನೆಯ ತಾಯಿ, ಮಗಳ ಮದುವೆ ಗೊತ್ತಾಗಿರುವಾಕೆ, ಕೆಲವು ತಿಂಗಳ ಹಿಂದೆ ಈ ಲೇಖಕನನ್ನು ಕೇಳಿದ ಪ್ರಶ್ನೆ ಇದು: “ಅಣ್ಣಾವ್ರೆ, ನಮ್ ಓಣ್ಯಾಗ ಈ ವರ್ಷ ಯಾರೂ ಗುಂಜಿ ಬಂಗಾರ ತಗೊಂಡಿಲ್ಲ. ತಗೊಳ್ಳೋರೇ ಇಲ್ಲಂದ ಮ್ಯಾಲ ರೇಟ್ ಯಾಕ ಏರ್ತದ್ರೀ?”

ಪ್ರಶ್ನೆ ಸರಳವಾಗಿ ಕಂಡರೂ ಅರ್ಥಶಾಸ್ತ್ರದ ಮರ್ಮವನ್ನೇ ಮುಟ್ಟುವಂಥದು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಲೇಖನಗಳ ನಡುವೆ ಬಂಗಾರದ ವಿಚಾರವೇಕೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಮದುವೆ ಗೊತ್ತಾದ ಮನೆಯಲ್ಲಿ ಯಜಮಾನನ ರಕ್ತದೊತ್ತಡವನ್ನು ಏರಿಸುವುದರಲ್ಲಿ ಉಪ್ಪಿಗಿಂತ ಬಂಗಾರದ ಧಾರಣೆಯ ಪಾಲೇ ಹೆಚ್ಚೆಂದು ನನ್ನ ನಂಬುಗೆ.

ಮೊದಲು ನಮ್ಮ ಸೀಮೆಯ ಒಂದು ವಸ್ತುವನ್ನು ನೆನಪಿಗೆ ತಂದುಕೊಳ್ಳೋಣ. ಜೋಳದ ನಾಡಿನಲ್ಲಿ ಹುಟ್ಟಿದವರಿಗೆ ಹಗೇವು ಎಂದರೇನೆಂದು ಹೇಳಬೇಕಾಗಿಲ್ಲ. ನೆಲದಲ್ಲಿ ತೋಡಿದ ಆಳವಾದ ಕಣಜ; ಸುಗ್ಗಿಯಲ್ಲಿ ಜೋಳ ತುಂಬಿ ಬಾಯಿ ಮುಚ್ಚಿದರೆ ಬರಗಾಲ ಬಂದ ವರ್ಷ ತೆರೆಯುವಂಥದು. ಊರ ಗೌಡರ ಹಗೇವಿನಲ್ಲಿ ಊರಿಗೆಲ್ಲ ಹತ್ತು ವರ್ಷಕ್ಕೆ ಸಾಲುವಷ್ಟು ಜೋಳವಿದೆಯೆಂದು ಭಾವಿಸಿರಿ. ಆಗ ಪೇಟೆಯ ಧಾರಣೆಯನ್ನು ನಿಶ್ಚಯಿಸುವುದು ಈ ವರ್ಷದ ಬೆಳೆಯೊಂದೇ ಅಲ್ಲ. ಗೌಡರು ಹಗೇವನ್ನು ತೆರೆಯುವರೆಂಬ ಸುದ್ದಿ ಹುಟ್ಟಿದರೆ ಸಾಕು, ಒಂದು ಕಾಳು ಹೊರಬೀಳುವ ಮುನ್ನವೇ ಧಾರಣೆ ಇಳಿಯುತ್ತದೆ. ಅವರು ತೆರೆಯಲಾರರು, ಬದಲಿಗೆ ಇನ್ನೂ ತುಂಬುವರೆಂದು ತಿಳಿದರೆ ಏರುತ್ತದೆ. ಬಂಗಾರದ ಲೋಕದಲ್ಲಿ ಈ ಗೌಡರ ಸ್ಥಾನದಲ್ಲಿರುವವು ದೇಶದೇಶಗಳ ಕೇಂದ್ರ ಬ್ಯಾಂಕುಗಳು. ಜಗತ್ತಿನ ಗಣಿಗಳೆಲ್ಲ ಸೇರಿ ವರ್ಷಕ್ಕೆ ತೆಗೆಯುವ ಬಂಗಾರ ಸುಮಾರು 3,600 ಟನ್. ಕೇಂದ್ರ ಬ್ಯಾಂಕುಗಳ ಮತ್ತು ಸರಕಾರಗಳ ನೆಲಮಾಳಿಗೆಗಳಲ್ಲಿರುವುದು ಸುಮಾರು 36,000 ಟನ್. ಹತ್ತು ವರ್ಷದ ಬೆಳೆ ಹಗೇವಿನಲ್ಲಿದೆ. ಧಾರಾವಿಯ ಒಂದು ಓಣಿ ಕೊಂಡರೂ ಬಿಟ್ಟರೂ ಧಾರಣೆಗೆ ಅದರ ಅರಿವಾಗದಿರುವುದಕ್ಕೆ ಇದು ಮೊದಲ ಕಾರಣ.

ನಮ್ಮ ದೇಶದ ಹಗೇವನ್ನು ಕಾಯುವುದು ರಿಜರ್ವ್ ಬ್ಯಾಂಕು. ನೋಟು ಅಚ್ಚು ಹಾಕುವಷ್ಟಕ್ಕೆಲ್ಲ ಬಂಗಾರ ಇಟ್ಟಿರಬೇಕೆಂಬ ನಂಬುಗೆ ಇಂದಿಗೂ ನಮ್ಮವರಲ್ಲಿ ಉಳಿದಿದೆ. ಅದು 1956ರಲ್ಲಿಯೇ ಮುಗಿದ ಕಥೆ. ಅದಕ್ಕೆ ಮೊದಲು ಚಲಾವಣೆಯ ನೋಟುಗಳ ನೂರಕ್ಕೆ ನಲವತ್ತರಷ್ಟನ್ನು ಬಂಗಾರ ಮತ್ತು ವಿದೇಶೀ ಪತ್ರಗಳ ರೂಪದಲ್ಲಿ ಇಡಬೇಕಾಗಿದ್ದಿತು. 1956ರ ತಿದ್ದುಪಡಿ ಈ ಪ್ರಮಾಣವನ್ನು ತೆಗೆದುಹಾಕಿ ಕನಿಷ್ಠ ಮೊತ್ತವನ್ನು ಗೊತ್ತುಮಾಡಿತು. 1957ರಲ್ಲಿ ಅದು ಒಟ್ಟು 200 ಕೋಟಿ ರೂಪಾಯಿಗೆ, ಅದರಲ್ಲಿ ಬಂಗಾರ 115 ಕೋಟಿಗೆ ಇಳಿಯಿತು. ಇನ್ನೂ ವಿನೋದದ ಸಂಗತಿಯೆಂದರೆ ಲೆಕ್ಕದ ಪುಸ್ತಕದಲ್ಲಿ ಈ ಬಂಗಾರಕ್ಕೆ ಕಟ್ಟಿದ ಬೆಲೆ. 1966ರ ರೂಪಾಯಿ ಅಪಮೌಲ್ಯದ ತರುವಾಯ 10 ಗ್ರಾಮಿಗೆ 84 ರೂಪಾಯಿ 39 ಪೈಸೆಯೆಂದು ಬರೆಯಲಾಗುತ್ತಿದ್ದುದು 1990ರ ಅಕ್ಟೋಬರದವರೆಗೂ ಹಾಗೆಯೇ ಉಳಿಯಿತು. ಝವೇರಿ ಬಜಾರದಲ್ಲಿ ಅದೇ 10 ಗ್ರಾಮಿಗೆ ಮೂರು ಸಾವಿರ ರೂಪಾಯಿಗೂ ಮಿಕ್ಕಿ ಎಣಿಸಿಕೊಡುತ್ತಿದ್ದ ಕಾಲದಲ್ಲಿ, ಅಲ್ಲಿಂದ ಕೂಗಳತೆಯ ದೂರದ ಮಿಂಟ್ ರಸ್ತೆಯ ದಫ್ತರದಲ್ಲಿ ಅದು 84 ರೂಪಾಯಿಯ ವಸ್ತುವಾಗಿತ್ತು! ಹಳೆಯ ಮುದುಕಿಯರು ತಮ್ಮ ಸರದ ಬೆಲೆಯನ್ನು ಮದುವೆಯ ವರ್ಷದ ಧಾರಣೆಯಲ್ಲಿಯೇ ಹೇಳುವಂತೆ.

ಆ ಬೆಲೆಯನ್ನು ಪೇಟೆಯ ಮಟ್ಟಕ್ಕೆ ತಂದ ಒಂದು ವರ್ಷದೊಳಗೆ ಹಗೇವನ್ನೇ ತೆರೆಯುವ ಪ್ರಸಂಗ ಬಂದಿತು. 1991ರ ನಡುವಿನಲ್ಲಿ ದೇಶದ ಬಳಿ ಉಳಿದ ವಿದೇಶೀ ವಿನಿಮಯವು ಎರಡು ಮೂರು ವಾರಗಳ ಆಮದಿಗೆ ಮಾತ್ರ ಸಾಲುವಂತಿದ್ದಿತು. ಮೇ ತಿಂಗಳಲ್ಲಿ ಕಳ್ಳಸಾಗಣೆದಾರರಿಂದ ಮುಟ್ಟುಗೋಲು ಹಾಕಿಕೊಂಡಿದ್ದ 20 ಟನ್ ಬಂಗಾರವನ್ನು, ಮರಳಿ ಕೊಳ್ಳುವ ಹಕ್ಕನ್ನು ಉಳಿಸಿಕೊಂಡು, ಸ್ಟೇಟ್ ಬ್ಯಾಂಕಿನ ಮೂಲಕ ಸ್ವಿಟ್ಜರ್‌ಲೆಂಡಿನ ಬ್ಯಾಂಕಿಗೆ ಮಾರಲಾಯಿತು. ಜುಲೈ 4ರಿಂದ 18ರ ಒಳಗೆ ರಿಜರ್ವ್ ಬ್ಯಾಂಕು ತನ್ನದೇ ಸಂಗ್ರಹದಿಂದ ಸುಮಾರು 47 ಟನ್ ಬಂಗಾರವನ್ನು ನಾಲ್ಕು ಕಂತುಗಳಲ್ಲಿ ವಿಮಾನದ ಮೂಲಕ ಹೊರಗೆ ಕಳುಹಿಸಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನುಗಳಿಂದ 40 ಕೋಟಿ ಡಾಲರಿಗೆ ತುಸು ಹೆಚ್ಚು ಸಾಲವೆತ್ತಿತು. ಕೋಟೆ ಪ್ರದೇಶದಿಂದ ಸಹಾರ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಬಂಗಾರದ ಗಾಡಿಯೊಂದು ಕೆಟ್ಟು ನಿಂತಿತೆಂದೂ ಅಧಿಕಾರಿಗಳ ಜೀವ ಬಾಯಿಗೆ ಬಂದಿತೆಂದೂ ಬ್ಯಾಂಕಿನ ವಲಯದಲ್ಲಿ ಹೇಳಿಕೊಂಡು ಬಂದಿದ್ದಾರೆ. ಗಾಡಿಗಳು ಯಾವ ದಾರಿ ಹಿಡಿದವೋ ನಾನರಿಯೆ. ಮಾಹೀಮಿನ ಕಡೆಯಿಂದ ಹೋದರೂ ಸಾಯನ್ನಿನ ಕಡೆಯಿಂದ ಹೋದರೂ ಧಾರಾವಿಯ ಒಂದಲ್ಲ ಒಂದು ಅಂಚನ್ನು ಬಳಸದೆ ಗತಿಯಿಲ್ಲ. ದೇಶದ ಮಾನ ಕಾಯುವ ಗಟ್ಟಿಗಳು ಗಿರವಿಗೆ ಹೊರಟಾಗ ಪಕ್ಕದ ಓಣಿಯಲ್ಲಿ ಯಾವಳೋ ಒಬ್ಬ ಗೃಹಿಣಿ ತನ್ನ ಓಲೆಯನ್ನು ಅದೇ ಕೆಲಸಕ್ಕೆ ಬಿಚ್ಚುತ್ತಿದ್ದಿರಬಹುದು. ಇಬ್ಬರ ಸಂಕಟವೂ ಒಂದೇ ಜಾತಿಯದು.

ಇಷ್ಟು ಬಂಗಾರ ಹೊರಗೆ ಹೋದರೂ ಅದರಿಂದ ಜಗತ್ತಿನ ಧಾರಣೆ ಕದಲಿತೆನ್ನುವಂತಿಲ್ಲ. ಒತ್ತೆಯಿಟ್ಟ ವಸ್ತು ಪೇಟೆಗೆ ಬರುವುದಿಲ್ಲ. ಒಂದು ಹಗೇವಿನಿಂದ ಇನ್ನೊಂದು ಹಗೇವಿಗೆ ಹೋಗುತ್ತದೆ, ಅಷ್ಟೇ. ಸಾಲವನ್ನು ಆ ವರ್ಷದೊಳಗೇ ತೀರಿಸಲಾಯಿತು. ಭಾರತದಲ್ಲಿ ಮಾತ್ರ ಬಂಗಾರ ತುಟ್ಟಿಯಾಯಿತು. ಅದಕ್ಕೆ ಕಾರಣ ಒತ್ತೆಯಲ್ಲ, ಅದೇ ಜುಲೈ 1 ಮತ್ತು 3ರಂದು ರೂಪಾಯಿಯ ಬೆಲೆಯನ್ನು ಎರಡು ಹಂತದಲ್ಲಿ ಇಳಿಸಿದ್ದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕೇಂದ್ರ ಬ್ಯಾಂಕು ಬಂಗಾರವನ್ನು ಒತ್ತೆಯಿಡುವುದು ಒಂದು, ಮಾರುವುದು ಒಂದು, ಇತರರಿಗೆ ಕಡವಾಗಿ ಕೊಡುವುದು ಮತ್ತೊಂದು.

ಮಾರಾಟದ ಪ್ರಯೋಗವನ್ನು ನಮ್ಮ ಸರಕಾರವೂ ಒಮ್ಮೆ ಮಾಡಿತು. 1978ರಲ್ಲಿ, ಮೊರಾರ್ಜಿ ದೇಸಾಯಿಯವರು ಪ್ರಧಾನಿಯಾಗಿದ್ದಾಗ, ಕಳ್ಳಸಾಗಣೆಯನ್ನು ಬಡಿಯುವ ಉದ್ದೇಶದಿಂದ ಸರಕಾರದ ಬಂಗಾರವನ್ನು ರಿಜರ್ವ್ ಬ್ಯಾಂಕಿನ ಮೂಲಕ ಹರಾಜಿಗೆ ಇಡಲಾಯಿತು. ಮೇ ತಿಂಗಳಿಂದ ಅಕ್ಟೋಬರದವರೆಗೆ ಸುಮಾರು 13 ಟನ್ ಮಾರಾಟವಾಗಿ, ಧಾರಣೆ ಬಗ್ಗದೆ, ಹರಾಜು ನಿಂತಿತು. ಅಮೆರಿಕೆಯ ಖಜಾನೆಯೂ ಅಂತರರಾಷ್ಟ್ರೀಯ ಹಣಕಾಸು ನಿಧಿಯೂ ಆ ವರ್ಷಗಳಲ್ಲಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಬಂಗಾರವನ್ನು ಹರಾಜು ಹಾಕುತ್ತಿದ್ದರೂ 1980ರ ಜನವರಿಯಲ್ಲಿ ಔನ್ಸಿನ ಬೆಲೆ 850 ಡಾಲರಿಗೆ ಮುಟ್ಟಿತು. ಜನರಿಗೆ ಕಾಗದದ ಹಣದ ಮೇಲಿನ ವಿಶ್ವಾಸ ಹೋದ ಕಾಲದಲ್ಲಿ ಹಗೇವು ತೆರೆದರೂ ಹಸಿವು ಅಡಗುವುದಿಲ್ಲ.

ಇನ್ನು ವಾಯಿದೆ ವ್ಯಾಪಾರದ ವಿಷಯ. ಇದು ಮುಂಬಯಿಗೆ ಹೊಸದಲ್ಲ. ಶೇಖ್ ಮೆಮನ್ ಬೀದಿಯ ಚಿನಿವಾರ ಪೇಟೆಯಲ್ಲಿ ನಡೆಯುತ್ತಿದ್ದ ಬಂಗಾರದ ವಾಯಿದೆ ವ್ಯಾಪಾರವನ್ನು, ಚೀನದೊಡನೆ ಯುದ್ಧ ನಡೆಯುತ್ತಿದ್ದಾಗ, 1962ರ ನವೆಂಬರದಲ್ಲಿ ಸರಕಾರ ನಿಷೇಧಿಸಿತು. ಮುಂದಿನ ಜನವರಿಯಲ್ಲಿ ಬಂದ ಬಂಗಾರ ನಿಯಂತ್ರಣ ನಿಯಮ 14 ಕ್ಯಾರಟ್ಟಿಗೆ ಮೀರಿದ ಹೊಸ ಒಡವೆಗಳನ್ನು ಮಾಡಬಾರದೆಂದಿತು. ಎಷ್ಟೋ ಅಕ್ಕಸಾಲಿಗರ, ನಮ್ಮ ಕಡೆಯ ಪತ್ತಾರರ, ಮನೆಗಳಲ್ಲಿ ಒಲೆ ಆರಿತು. ಕ್ಯಾರಟ್ಟಿನ ನಿಯಮ ಕೆಲವು ವರ್ಷಗಳಲ್ಲಿ ಹೋಯಿತಾದರೂ 1968ರ ನಿಯಂತ್ರಣ ಕಾಯಿದೆ 1990ರವರೆಗೆ ಉಳಿಯಿತು. ಕಾನೂನಿನ ಒಪ್ಪಿಗೆಯ ವಾಯಿದೆ ವ್ಯಾಪಾರ ಮುಂಬಯಿಗೆ ಮರಳಿದ್ದು ನಾಲ್ವತ್ತು ವರ್ಷಗಳ ತರುವಾಯ, 2003ರಲ್ಲಿ.

ಆದರೆ ಜಗತ್ತಿನ ಧಾರಣೆಯನ್ನು ಅಲುಗಿಸಿದ್ದು ಗಣಿ ಕಂಪನಿಗಳ ಮುಂಗಡ ಮಾರಾಟ. ಇದನ್ನು ತೊಗರಿಯ ಹೊಲದ ದೃಷ್ಟಾಂತದಿಂದ ನೋಡಬಹುದು. ರೈತನು ತೊಗರಿ ಹೂವಿಗೆ ಬಂದಾಗಲೇ ಅಡತಿ ಅಂಗಡಿಯವನಿಗೆ ‘ಸುಗ್ಗಿಗೆ ನೂರು ಚೀಲ, ಇಂಥ ಧಾರಣೆಗೆ’ ಎಂದು ಮಾರಿಬಿಡುತ್ತಾನೆ. ಅಡತಿಯವನು ಚತುರ. ಸುಗ್ಗಿಗೆ ಧಾರಣೆ ಇಳಿದರೆ ತನಗೆ ನಷ್ಟವಲ್ಲವೆ? ಆದುದರಿಂದ ಅವನು ಗೌಡರ ಹಗೇವಿನಿಂದ ನೂರು ಚೀಲವನ್ನು ಕಡವಾಗಿ ತಂದು ಇಂದೇ ಪೇಟೆಯಲ್ಲಿ ಮಾರಿ ಹಣವನ್ನು ಬಡ್ಡಿಗೆ ಬಿಡುತ್ತಾನೆ. ಸುಗ್ಗಿಯಲ್ಲಿ ರೈತನ ಚೀಲಗಳು ಬಂದೊಡನೆ ಅವನ್ನೇ ಗೌಡರಿಗೆ ತುಂಬಿಕೊಡುತ್ತಾನೆ. ಯಾರಿಗೂ ಮೋಸವಿಲ್ಲ. ಆದರೆ ಇನ್ನೂ ಗಿಡದಲ್ಲಿರುವ ತೊಗರಿ ಇಂದೇ ಪೇಟೆಗೆ ಬಂದು ಇಂದಿನ ಧಾರಣೆಯನ್ನು ಇಳಿಸಿತಲ್ಲ!

ಬಂಗಾರದಲ್ಲಿಯೂ ಹೀಗೆಯೇ. ಬೆಲೆ ಔನ್ಸಿಗೆ 300 ಡಾಲರೆಂದೂ, ಹಣದ ಬಡ್ಡಿ ನೂರಕ್ಕೆ 5 ಎಂದೂ, ಕೇಂದ್ರ ಬ್ಯಾಂಕು ಕಡ ಕೊಟ್ಟ ಬಂಗಾರಕ್ಕೆ ಪಡೆಯುವ ಬಾಡಿಗೆ ನೂರಕ್ಕೆ 1 ಎಂದೂ ಇಟ್ಟುಕೊಳ್ಳಿರಿ. ವ್ಯಾಪಾರಿ ಬ್ಯಾಂಕು ಒಂದು ಔನ್ಸನ್ನು ಕಡ ತಂದು 300ಕ್ಕೆ ಮಾರಿದರೆ ವರ್ಷಾಂತ್ಯಕ್ಕೆ ಅದು 315 ಆಗುತ್ತದೆ. 3 ಡಾಲರು ಬಾಡಿಗೆ ಕಳೆದರೆ 312. ತನ್ನ ದಲ್ಲಾಳಿಯನ್ನು ಮುರಿದುಕೊಂಡು ಗಣಿಯವನಿಗೆ ಹೆಚ್ಚುಕಡಿಮೆ ಅಷ್ಟನ್ನು ಕೊಡಬಹುದು. ಇಂದಿನ ಬೆಲೆಗಿಂತ ಹೆಚ್ಚು ಸಿಗುವಾಗ ಗಣಿಯವನು ಏಕೆ ಒಲ್ಲೆನೆಂದಾನು? ಹೊಳಪಷ್ಟೇ ಇದ್ದು ಬಡ್ಡಿ ತಾರದ ವಸ್ತುವಿಗೆ ಬಾಡಿಗೆ ಬಂದಿತೆಂದು ಕೇಂದ್ರ ಬ್ಯಾಂಕಿಗೂ ಸಂತೋಷ. ಈ ಪದ್ಧತಿ ಬೆಳೆದು ಇಪ್ಪತ್ತನೆಯ ಶತಮಾನದ ಕೊನೆಯ ವೇಳೆಗೆ ಗಣಿಗಳು ಹೀಗೆ ಮುಂಚಿತವಾಗಿ ಮಾರಿಕೊಂಡಿದ್ದ ಬಂಗಾರ ಸುಮಾರು 3,000 ಟನ್ನಿಗೆ, ಎಂದರೆ ಒಂದು ವರ್ಷದ ಉತ್ಪನ್ನಕ್ಕೂ ಮೀರಿ, ಬೆಳೆದಿದ್ದಿತು. ಬೆಲೆ ಇಳಿಯುವುದೆಂಬ ಭಯದಿಂದ ಮುಂಗಡ ಮಾರಾಟ, ಮುಂಗಡ ಮಾರಾಟದಿಂದ ಬೆಲೆಯ ಇಳಿತ.

ಇಂಥ ಹೊತ್ತಿನಲ್ಲಿ, 1999ರ ಮೇ 7ರಂದು, ಬ್ರಿಟಿಷ್ ಸರಕಾರ ತನ್ನ 715 ಟನ್ನಿನಲ್ಲಿ 415 ಟನ್ ಮಾರುವೆನೆಂದು ಸಾರಿತು. ಹರಾಜಿನ ದಿನಗಳನ್ನೂ ಮುಂಚಿತವಾಗಿಯೇ ತಿಳಿಸಿತು. ಬೆಲೆ ಜುಲೈಯಲ್ಲಿ 253 ಡಾಲರಿಗಿಳಿಯಿತು. 2002ರವರೆಗೆ ನಡೆದ 17 ಹರಾಜುಗಳಲ್ಲಿ ಸುಮಾರು 395 ಟನ್ ಮಾರಿ ಅವರು ಪಡೆದದ್ದು ಸರಾಸರಿ ಔನ್ಸಿಗೆ 275 ಡಾಲರು. ಸಂತೆಗೆ ಎತ್ತು ಹೊಡೆದುಕೊಂಡು ಹೋಗುವವನು ‘ನನಗೆ ಹಣದ ಅಡಚಣೆ ಇದೆ’ ಎಂದು ಡಂಗುರ ಸಾರಿಸಿಕೊಂಡು ಹೋದರೆ ಎತ್ತಿಗೆ ಬೆಲೆ ಬಂದೀತೆ?

ಅದೇ ಸೆಪ್ಟೆಂಬರ್ 26ರಂದು ಗಾಳಿ ತಿರುಗಿತು. ಯುರೋಪಿನ 15 ಕೇಂದ್ರ ಬ್ಯಾಂಕುಗಳು ವಾಷಿಂಗ್ಟನ್ನಿನಲ್ಲಿ ಸೇರಿ, ಐದು ವರ್ಷಗಳ ಕಾಲ ವರ್ಷಕ್ಕೆ 400 ಟನ್ನಿಗೆ ಮೀರಿ ಮಾರುವುದಿಲ್ಲವೆಂದೂ ಕಡ ಕೊಡುವುದನ್ನು ಹೆಚ್ಚಿಸುವುದಿಲ್ಲವೆಂದೂ ಒಪ್ಪಂದ ಮಾಡಿಕೊಂಡವು. ಹತ್ತೇ ದಿನಗಳಲ್ಲಿ ಬೆಲೆ 320 ಡಾಲರನ್ನು ದಾಟಿತು. ಇದರಿಂದ ಬಂಗಾರದ ಗಣಿಗಳೆಲ್ಲ ಹಿಗ್ಗಬೇಕಾಗಿತ್ತು. ಆದರೆ ಆಫ್ರಿಕದ ಘಾನಾ ದೇಶದ ಅಶಾಂಟಿ ಗೋಲ್ಡ್‌ಫೀಲ್ಡ್ಸ್ ಕಂಪನಿ ಮುಳುಗುವ ಸ್ಥಿತಿಗೆ ಬಂದಿತು. ಅದು ಭೂಮಿಯೊಳಗಿನ ಬಂಗಾರದ ದೊಡ್ಡ ಪಾಲನ್ನು ವಾಯಿದೆಯ ನಾನಾ ಬಗೆಯ ಕರಾರುಗಳಲ್ಲಿ ಕಟ್ಟಿಹಾಕಿತ್ತು. ಬೆಲೆ ಏರಿದೊಡನೆ ಸಾಲಿಗರು ಹೆಚ್ಚಿನ ಜಾಮೀನು ಹಣವನ್ನು ಕೂಡಲೇ ಕಟ್ಟೆಂದರು. ನೆಲದಲ್ಲಿ ಬಂಗಾರವಿದೆ, ಪೆಟ್ಟಿಗೆಯಲ್ಲಿ ಹಣವಿಲ್ಲ. ಬಂಗಾರದ ಬೆಲೆ ಏರಿದ್ದಕ್ಕೆ ಬಂಗಾರದ ಗಣಿಯೇ ಗೋಳಿಟ್ಟಿತು! ಮುಂದಿನ ದಶಕದಲ್ಲಿ ಗಣಿಗಳು ಒಂದೊಂದಾಗಿ ತಮ್ಮ ಹಳೆಯ ಮುಂಗಡಗಳನ್ನು ಬಿಡಿಸಿಕೊಂಡವು. ಕೆನಡದ ಬ್ಯಾರಿಕ್ ಕಂಪನಿ 2009ರಲ್ಲಿ ಇದಕ್ಕಾಗಿ ಐದುನೂರು ಕೋಟಿ ಡಾಲರಿಗೂ ಹೆಚ್ಚು ತೆತ್ತಿತು. ಬಿಡಿಸಿಕೊಳ್ಳುವುದೆಂದರೆ ಪೇಟೆಯಿಂದ ಕೊಂಡು ತುಂಬಿಕೊಡುವುದು. ಮೊದಲು ಧಾರಣೆಯನ್ನು ಇಳಿಸಿದ ಯಂತ್ರವೇ ಈಗ ಹಿಂದುಮುಂದಾಗಿ ತಿರುಗಿ ಅದನ್ನು ಏರಿಸಿತು.

ಇಲ್ಲಿ ನಮ್ಮ ಕೋಲಾರವನ್ನು ನೆನೆಯದೆ ಮುಂದೆ ಹೋಗಲಾರೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಹಾಕಿದ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಪಡೆದ, ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಗಣಿಗಳು ಅವು. 1956ರಲ್ಲಿ ಮೈಸೂರು ಸರಕಾರದ, 1962ರಲ್ಲಿ ಕೇಂದ್ರದ ವಶಕ್ಕೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಗಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಅದಿರು ಬಡವಾಗಿದ್ದಿತು, ಆರಂಭದಲ್ಲಿ ಟನ್ನು ಕಲ್ಲಿಗೆ 40 ಗ್ರಾಮಿಗೂ ಹೆಚ್ಚು ಸಿಗುತ್ತಿದ್ದಲ್ಲಿ ಕೊನೆಗೆ ಮೂರು ನಾಲ್ಕು ಗ್ರಾಮಿನ ಮಾತಾಗಿತ್ತು. ಅದು ನಿಜ. ಆದರೆ ಮುಚ್ಚಿದ ತಿಂಗಳನ್ನು ಗಮನಿಸಿರಿ. ಬ್ರಿಟನ್ನಿನ ಹರಾಜುಗಳು ನಡೆಯುತ್ತಿದ್ದ, ಜಗತ್ತಿನ ಬೆಲೆ 260 ಡಾಲರಿನ ಆಸುಪಾಸಿನಲ್ಲಿ ಇಪ್ಪತ್ತು ವರ್ಷಗಳ ಪಾತಾಳವನ್ನು ಮುಟ್ಟಿದ್ದ ಕಾಲವದು. ಲಂಡನ್ನಿನ ನೆಲಮಾಳಿಗೆಯಿಂದ ಹೊರಬಂದ ಗಟ್ಟಿಗಳ ಭಾರ ಚಾಂಪಿಯನ್ ರೀಫಿನ ಕಾರ್ಮಿಕನ ಹೆಗಲ ಮೇಲೂ ಬಿದ್ದಿತೆಂದರೆ ಅತಿಶಯೋಕ್ತಿಯಲ್ಲ. ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೂ ಬೆಲೆ ಹತ್ತು ವರ್ಷ ಮೊದಲೇ ಏರಿದ್ದರೆ ಆ ಗಣಿಯ ಕಥೆ ಇನ್ನೊಂದಷ್ಟು ಪುಟ ಮುಂದುವರಿಯುತ್ತಿತ್ತೆಂದೇ ನನ್ನ ಎಣಿಕೆ. ಇಂದು ನಮ್ಮ ರಾಜ್ಯದಲ್ಲಿ ನಡೆಯುತ್ತಿರುವುದು ರಾಯಚೂರು ಜಿಲ್ಲೆಯ ಹಟ್ಟಿಯ ಗಣಿ. ಅದರ ಉತ್ಪನ್ನ ವರ್ಷಕ್ಕೆ ಒಂದೂವರೆ ಟನ್ನಿನ ಆಸುಪಾಸು; ದೇಶದ ಬೇಡಿಕೆ ಏಳೆಂಟುನೂರು ಟನ್. ಉಳಿದುದೆಲ್ಲ ಕಡಲಾಚೆಯಿಂದಲೇ ಬರಬೇಕು.

2009ರ ನವೆಂಬರದಲ್ಲಿ ಚಕ್ರ ಪೂರ್ತಿ ತಿರುಗಿತು. ಅಂತರರಾಷ್ಟ್ರೀಯ ಹಣಕಾಸು ನಿಧಿ 403 ಟನ್ ಬಂಗಾರ ಮಾರಲು ಹೊರಟಾಗ ಬೆಲೆ ಬಿದ್ದೀತೆಂದು ಎಲ್ಲರೂ ಎಣಿಸಿದ್ದರು. ಹದಿನೆಂಟು ವರ್ಷದ ಹಿಂದೆ ಒತ್ತೆಯಿಟ್ಟಿದ್ದ ನಮ್ಮ ರಿಜರ್ವ್ ಬ್ಯಾಂಕೇ ಅದರಲ್ಲಿ 200 ಟನ್ನನ್ನು ಒಂದೇ ಕೈಯಲ್ಲಿ, ಔನ್ಸಿಗೆ ಸುಮಾರು 1,045 ಡಾಲರಿನಂತೆ, 670 ಕೋಟಿ ಡಾಲರು ಕೊಟ್ಟು ಕೊಂಡಿತು. ಬೆಲೆ ಬೀಳಲಿಲ್ಲ, ತಿಂಗಳೊಪ್ಪತ್ತಿನಲ್ಲಿ 1,200ಕ್ಕೇರಿತು. ಗೌಡರೇ ಕೊಳ್ಳುತ್ತಿದ್ದಾರೆಂದರೆ ಮಾರುವವರು ಯಾರು? 2010ರಿಂದ ಈಚೆಗೆ ಕೇಂದ್ರ ಬ್ಯಾಂಕುಗಳು ಒಟ್ಟಾರೆ ಕೊಳ್ಳುವವರಾಗಿಯೇ ಉಳಿದಿವೆ. 2022ರಲ್ಲಿ ಯುಕ್ರೇನ್ ಯುದ್ಧದ ನಿಮಿತ್ತ ರಶಿಯದ ಡಾಲರು, ಯೂರೋ ಠೇವಣಿಗಳನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದ ಮೇಲಂತೂ, ಪರರ ಪುಸ್ತಕದಲ್ಲಿ ಬರೆದಿಟ್ಟ ಹಣಕ್ಕಿಂತ ಸ್ವಂತ ಹಗೇವಿನ ಗಟ್ಟಿ ಲೇಸೆಂದು ಹಲವರಿಗೆ ತೋರಿತು. 2022, 2023, 2024, ಮೂರು ವರ್ಷವೂ ಅವು ಕೊಂಡದ್ದು ಸಾವಿರ ಟನ್ನಿಗೆ ಮೇಲೆ. ನಮ್ಮ ರಿಜರ್ವ್ ಬ್ಯಾಂಕಿನ ಸಂಗ್ರಹ 2025ರ ಮಾರ್ಚಿಗೆ ಸುಮಾರು 880 ಟನ್ ಆಗಿದ್ದಿತು. 2023-24ರಲ್ಲಿ ಇಂಗ್ಲೆಂಡಿನಲ್ಲಿದ್ದ 100 ಟನ್ ಬಂಗಾರವನ್ನು ವಿಮಾನದಲ್ಲಿ ಊರಿಗೆ ತರಲಾಯಿತು. ಆ ತಾಯಿಯ ಪ್ರಶ್ನೆಗೆ ಉತ್ತರ ಇಷ್ಟೇ: ಓಣಿಯವರು ಕೊಳ್ಳಲಿಲ್ಲ, ಹಗೇವಿನವರು ಕೊಂಡರು. 2025ರ ಏಪ್ರಿಲಿನಲ್ಲಿ 10 ಗ್ರಾಮಿನ ಬೆಲೆ ಲಕ್ಷ ರೂಪಾಯಿಯನ್ನು ಮುಟ್ಟಿತು.

ಇದಕ್ಕೆ ರೂಪಾಯಿ-ಡಾಲರಿನ ವಿನಿಮಯ ದರವನ್ನೂ ಆಮದು ಸುಂಕವನ್ನೂ ಕೂಡಿಸಿಕೊಳ್ಳಬೇಕು. 2024ರ ಜುಲೈಯಲ್ಲಿ ಸುಂಕವನ್ನು ನೂರಕ್ಕೆ 15ರಿಂದ 6ಕ್ಕೆ ಇಳಿಸಿದಾಗ ಲಂಡನ್ನಿನಲ್ಲಿ ಏನೂ ಆಗದಿದ್ದರೂ ತೊಂಬತ್ತು ಅಡಿ ರಸ್ತೆಯಲ್ಲಿ ಧಾರಣೆ ಒಮ್ಮೆಗೇ ಜಾರಿತು.

ಆಕೆಯ ಮಾತು ಅಲ್ಲಿಗೆ ಮುಗಿಯಲಿಲ್ಲ. ಸೆರಗಿನ ಗಂಟಿನಿಂದ ಒಂದು ಚೀಟಿ ಪುಸ್ತಕವನ್ನು ತೆಗೆದು ತೋರಿಸಿದಳು. ಅಂಗಡಿಯೊಂದಕ್ಕೆ ತಿಂಗಳಿಗಿಷ್ಟೆಂದು ಹನ್ನೊಂದು ತಿಂಗಳು ಕಟ್ಟಿ ಕೊನೆಗೆ ಒಡವೆ ಪಡೆಯುವ ಯೋಜನೆ. ನಮ್ಮ ಬಡಾವಣೆಗಳಲ್ಲಿ ಭೀಸಿಯಷ್ಟೇ ರೂಢಿಯಲ್ಲಿರುವಂಥದು. ಹನ್ನೊಂದೇ ತಿಂಗಳೇಕೆಂದರೆ, ಸರಕಿಗಾಗಿ ಪಡೆದ ಮುಂಗಡ 365 ದಿನ ಮೀರಿದರೆ ಕಂಪನಿ ಕಾನೂನು ಅದನ್ನು ಠೇವಣಿಯೆಂದು ಎಣಿಸುತ್ತದೆ. ಇದೂ ಒಂದು ಮುಂಗಡ ವ್ಯಾಪಾರವೇ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಕಟ್ಟಿದ ಹಣವನ್ನು ರೂಪಾಯಿಯಲ್ಲಿ ಬರೆದಿಟ್ಟು, ಕೊನೆಯ ದಿನದ ಧಾರಣೆಗೆ ಒಡವೆ ಕೊಡುತ್ತಾರೆ. ಏರಿಕೆಯ ಭಾರವೆಲ್ಲ ಕಟ್ಟಿದವರದು. ಇನ್ನೊಂದರಲ್ಲಿ ಪ್ರತಿ ಕಂತನ್ನೂ ಆ ದಿನದ ಧಾರಣೆಗೆ ಗ್ರಾಮುಗಳಾಗಿ ಬರೆಯುತ್ತಾರೆ; ಏರಿಕೆಯ ಭಾರ ಅಂಗಡಿಯವನದು. ಎರಡನೆಯದು ಕೇಳುವುದಕ್ಕೆ ಲೇಸು. ಆದರೆ ಆ ಅಂಗಡಿಯವನು ಪ್ರತಿ ತಿಂಗಳೂ ಅಷ್ಟು ಗ್ರಾಮು ಬಂಗಾರವನ್ನು ಕೊಂಡಿಡದೆ ಹಣವನ್ನು ಬೇರೆಡೆ ತೊಡಗಿಸಿದ್ದರೆ, ಬೆಲೆ ನೆಗೆದ ವರ್ಷ ಅವನ ಗತಿಯೂ ಘಾನಾದ ಕಂಪನಿಯ ಗತಿಯೇ. ಆಗ ಬಾಗಿಲಿಗೆ ಬೀಗ ಬಿದ್ದರೆ ಕಟ್ಟಿದವರ ಕೈಯಲ್ಲಿ ಉಳಿಯುವುದು ಆ ಪುಸ್ತಕ ಮಾತ್ರ. ಬ್ಯಾಂಕಿನ ಠೇವಣಿಗಿರುವ ವಿಮೆಯ ರಕ್ಷಣೆ ಇದಕ್ಕಿಲ್ಲ.

ಆಕೆಯ ಪುಸ್ತಕವನ್ನು ತಿರುವಿ ನೋಡಿದೆ. ಏಳು ಕಂತುಗಳು ಸಂದಿದ್ದವು. ಪ್ರತಿ ಸಾಲಿನಲ್ಲಿಯೂ ರೂಪಾಯಿ ಇದ್ದಿತು, ಗ್ರಾಮು ಇರಲಿಲ್ಲ. ಯಾವ ದಿನದ ಧಾರಣೆ ಹಿಡಿಯುವರೆಂದು ಕೇಳಿ ಬರೆಯಿಸಿಕೊಂಡು ಬರುವಂತೆ ಹೇಳಿದೆ. ಮರುದಿನ ಸಂಜೆ ಆಕೆ ಮಗಳನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಹೋದಳು. ಉಳಿದ ನಾಲ್ಕು ಕಂತುಗಳನ್ನು ಕಟ್ಟುವುದರ ಬದಲು, ಅಂದಿನ ಧಾರಣೆಗೆ ಕೂಡಿದ ಹಣದಲ್ಲಿ ಬಂದಷ್ಟು, ಹಾಲ್‌ಮಾರ್ಕಿನ ಒಂದು ಜೊತೆ ಓಲೆಯನ್ನು ತೆಗೆದುಕೊಂಡು ಬಂದಳು. ಯೋಜನೆಯ ಕೊನೆಯ ಕಂತಿನ ರಿಯಾಯಿತಿ ಹೋಯಿತೆಂದು ಗಂಡ ಇನ್ನೂ ಗೊಣಗುತ್ತಿದ್ದಾನಂತೆ.